ಎರಡು ಮನೆಯ ಪೀಪಿ

ಪೀಪಿ ಎಂದರೆ ಒಂದು ಕೊಳವೆ, ಅದರ ಬಾಯಿಗೆ ಒಂದು ಬೂಚು, ಬೂಚಿನ ಮೇಲೆ ಗಾಳಿ ಹೋಗಲು ಕಿರಿದಾದ ದಾರಿ, ದಾರಿ ಮುಗಿಯುವಲ್ಲಿ ಒಂದು ಕಿಂಡಿ, ಕಿಂಡಿಯ ಆಚೆ ಬದಿಗೆ ತೆಳುವಾದ ಒಂದು ಅಂಚು. ಇಷ್ಟಿದ್ದರೆ ಸದ್ದು ಬರುತ್ತದೆ. ಕೊಳವೆಯ ಮೈಗೆ ಆರು ತೂತು ಕೊರೆದರೆ ಬೇರೆ ಬೇರೆ ಸ್ವರ ಬರುತ್ತದೆ. ಆ ಆರನ್ನೂ ಅರದಿಂದ ಉಜ್ಜಿ ಶ್ರುತಿಗೆ ಸೇರಿಸಿದ ಮೇಲೆ ಅದರಲ್ಲಿ ಹಾಡು ನುಡಿಯುತ್ತದೆ. ಮಾಡುವ ಕೆಲಸ ಒಂದು ಮಧ್ಯಾಹ್ನದ್ದು. ಶ್ರುತಿ ಮಾಡುವ ಕೆಲಸಕ್ಕೆ ಒಂದು ವಾರ ಹಿಡಿದರೂ ಅದು ಹೆಚ್ಚಲ್ಲ.

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಸೇರುವ ಕಡಲೆಕಾಯಿ ಪರಿಷೆಯಲ್ಲಿ ಈ ವಾದ್ಯದ ಅಗ್ಗದ ರೂಪಗಳೆಲ್ಲ ಕಾಣಸಿಗುತ್ತವೆ. ಉದ್ದನೆಯ ಕೋಲಿನ ತುದಿಗೆ ಬಿದಿರಿನ ಕೊಳಲುಗಳನ್ನು ಸಿಕ್ಕಿಸಿಕೊಂಡು ಊದುತ್ತಾ ಬರುವವರು, ಬಣ್ಣದ ಪ್ಲಾಸ್ಟಿಕ್ ಪೀಪಿಗಳನ್ನು ರಾಶಿ ಹಾಕಿಕೊಂಡು ಕೂತವರು, ಪೀಪಿ ಬೇಕೆಂದು ರಚ್ಚೆ ಹಿಡಿದ ಮಕ್ಕಳು ಎಲ್ಲ ಅಲ್ಲಿದ್ದಾರೆ. ಮನೆಗೆ ಬಂದ ಪೀಪಿ ಒಂದೆರಡು ದಿನ ಕೂಗಿ ಅಟ್ಟ ಸೇರುವುದೂ ಮಾಮೂಲು. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಆಟಿಕೆಯಾಗಿ ಮಾರುವ ಬಹುಪಾಲು ಪೀಪಿಗಳಲ್ಲಿ ಆರು ತೂತುಗಳೂ ಒಂದೇ ಗಾತ್ರಕ್ಕೆ, ಒಂದೇ ಅಂತರಕ್ಕೆ ಇರುತ್ತವೆ. ನೋಡಲು ಓರಣ, ಊದಿದರೆ ಅಪಸ್ವರ. ಹೇಗೆ ಬೆರಳಿಟ್ಟರೂ ಸರಿಗಮ ಬರದ ವಾದ್ಯವನ್ನು ಯಾವ ಮಗು ತಾನೇ ಎಷ್ಟು ದಿನ ಹಿಡಿದಿರುತ್ತದೆ?

ಅಪಸ್ವರ ಬಹಳ ಬೇಗ ಗೊತ್ತಾಗುವ ಊರೂ ಇದು. ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಹೆಸರಾದ ಶ್ರೀರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಮಲ್ಲೇಶ್ವರ, ಬಸವನಗುಡಿಗಳ ಅಡ್ಡರಸ್ತೆಗಳಲ್ಲಿ ಸಂಜೆ ಹೊತ್ತು ನಡೆದರೆ ಒಂದಲ್ಲ ಒಂದು ಮನೆಯಿಂದ ತಂಬೂರಿಯ ಶ್ರುತಿ ಕೇಳುತ್ತದೆ. ಹೀಗೆ ಶ್ರುತಿ ಕೇಳಿ ಬೆಳೆದ ಕಿವಿಯೊಂದು ಮನೆಯಲ್ಲಿದ್ದರೆ ಪೀಪಿ ಮಾಡುವವರಿಗೆ ಅರ್ಧ ಕೆಲಸ ಆದಂತೆಯೇ.

ಪೀಪಿಗೂ ಕೊಳಲಿಗೂ ವ್ಯತ್ಯಾಸ ಬಾಯಿಯಲ್ಲಿದೆ. ಅಡ್ಡ ಕೊಳಲಿನಲ್ಲಿ ಗಾಳಿಯನ್ನು ತೆಳ್ಳಗೆ ಮಾಡಿ ತೂತಿನ ಅಂಚಿಗೆ ಗುರಿಯಿಡುವ ಕೆಲಸವನ್ನು ನುಡಿಸುವವರ ತುಟಿ ಮಾಡುತ್ತದೆ. ಆ ತುಟಿ ಪಳಗಲು ತಿಂಗಳುಗಳೇ ಬೇಕು. ಪಳಗಿದ ಮೇಲೆ ಅದೇ ತುಟಿಯಿಂದ ಸ್ವರವನ್ನು ತುಸು ಏರಿಸಬಹುದು, ಇಳಿಸಬಹುದು, ಗಮಕಕ್ಕೆ ತೂಗಾಡಿಸಬಹುದು. ಬೆಂಗಳೂರಿನಲ್ಲಿ ಬಹುಕಾಲ ಇದ್ದ ಟಿ.ಆರ್. ಮಹಾಲಿಂಗಂ (1926–1986) ಕೊಳಲಿನಲ್ಲಿ ಹಾಡುಗಾರಿಕೆಯನ್ನೇ ತಂದರು ಎಂದು ರಸಿಕರು ಹೇಳುವುದು ಬೆರಳು, ತುಟಿ ಎರಡರ ಸಾಧನೆಯನ್ನೂ ನೆನೆದು. ಪೀಪಿಯಲ್ಲಿ ತುಟಿಯ ಕೆಲಸವನ್ನು ಬೂಚಿಗೆ, ಕಿಂಡಿಗೆ ಒಪ್ಪಿಸಲಾಗಿದೆ. ಆದ್ದರಿಂದ ಐದು ವರ್ಷದ ಮಗು ಊದಿದರೂ ಮೊದಲ ಉಸಿರಿಗೇ ಸದ್ದು ಬರುತ್ತದೆ. ಆದರೆ ತಪ್ಪು ಸ್ವರವನ್ನು ತುಟಿಯಿಂದ ತಿದ್ದಿಕೊಳ್ಳುವ ಅವಕಾಶ ಇಲ್ಲ. ಶ್ರುತಿಯೆಲ್ಲ ಮಾಡುವವರ ಕೈಯಲ್ಲೇ ತೀರ್ಮಾನವಾಗಬೇಕು. ಬಸ್ ಕಂಡಕ್ಟರರ, ಟ್ರಾಫಿಕ್ ಪೊಲೀಸರ ವಿಷಲ್ ಇದೇ ಜಾತಿಯದು, ಒಂದೇ ಸ್ವರದ್ದು. ಸಿಂಧೂ ಕಣಿವೆಯ ಊರುಗಳಲ್ಲಿ ಸಿಕ್ಕಿರುವ ಸುಟ್ಟ ಮಣ್ಣಿನ ಹಕ್ಕಿಪೀಪಿಗಳೂ ಈ ವಂಶಕ್ಕೆ ಸೇರಿದವು. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡು ಮಡಿಚಿ, ಮರದ ಬೂಚು ಹಾಕಿ ಮಾಡಿದ ಆರು ತೂತಿನ ಪೀಪಿ ಐರ್ಲೆಂಡಿನ ಜನಪದ ಸಂಗೀತದಲ್ಲಿ ಇಂದಿಗೂ ಇದೆ. ಇಲ್ಲಿ ವಿವರಿಸುವ ಪ್ಲಾಸ್ಟಿಕ್ ಪೀಪಿಯ ಮಾದರಿ ಅದೇ.

ಸದ್ದು ಹುಟ್ಟುವ ಬಗೆ ಹೀಗೆ. ಬೂಚಿನ ಮೇಲಿನ ದಾರಿಯಿಂದ ಹಾಳೆಯಂತೆ ಹೊರಡುವ ಗಾಳಿ ಕಿಂಡಿ ದಾಟಿ ಎದುರಿನ ಅಂಚಿಗೆ ತಾಗುತ್ತದೆ. ಅಲ್ಲಿ ಒಮ್ಮೆ ಕೊಳವೆಯ ಒಳಕ್ಕೆ, ಒಮ್ಮೆ ಹೊರಕ್ಕೆ ಹೊರಳುತ್ತದೆ. ಒಳಗೆ ನುಗ್ಗಿದ ಗಾಳಿ ಕೊಳವೆಯಲ್ಲಿರುವ ಗಾಳಿಯನ್ನು ಒತ್ತುತ್ತದೆ, ಆ ಒತ್ತಡದ ಅಲೆ ಕೊನೆಯವರೆಗೆ ಹೋಗಿ ಮರಳಿ ಬಂದು ಮುಂದಿನ ಹೊರಳನ್ನು ನಿರ್ಧರಿಸುತ್ತದೆ. ಕೊಳವೆ ಉದ್ದವಾದಷ್ಟೂ ಅಲೆ ಹೋಗಿ ಬರಲು ಹೆಚ್ಚು ಹೊತ್ತು ಬೇಕು, ಸ್ವರ ಕೆಳಗಿರುತ್ತದೆ. ಒಂದು ತೂತು ತೆರೆದರೆ ಅಲೆಯ ಪಾಲಿಗೆ ಕೊಳವೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿದಂತೆ, ಸ್ವರ ಏರುತ್ತದೆ. ತುಸು ಬಿರುಸಾಗಿ ಊದಿದರೆ ಗಾಳಿ ಎರಡು ಪಟ್ಟು ವೇಗದಲ್ಲಿ ಹೊರಳಲು ತೊಡಗಿ, ಅದೇ ಬೆರಳಿನಲ್ಲಿ ಒಂದು ಸ್ಥಾಯಿ ಮೇಲಿನ ಸ್ವರ ಕೊಡುತ್ತದೆ.

ಇಲ್ಲಿನ ಲೆಕ್ಕ ಶಾಲೆಯ ಭೌತಶಾಸ್ತ್ರವೇ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಸಂಗೀತಗಾರರು ಎರಡು ಮನೆ ಎನ್ನುವ ಶ್ರುತಿ ಹಾರ್ಮೋನಿಯಂನ ಎರಡನೇ ಬಿಳಿ ಮನೆ. ಅದರ ಮೇಲಿನ ಸ್ಥಾಯಿಯ ಷಡ್ಜಕ್ಕೆ ಸೆಕೆಂಡಿಗೆ 587 ಕಂಪನ. ಎರಡು ತುದಿಯೂ ತೆರೆದಿರುವ ಕೊಳವೆಯಲ್ಲಿ ಅರ್ಧ ಅಲೆ ಕೂರುವುದರಿಂದ ಉದ್ದ ಸುಮಾರು 295 ಮಿಲಿಮೀಟರ್ ಆಗಬೇಕು. ಅಷ್ಟೇ ಉದ್ದ ಕತ್ತರಿಸಿ ಊದಿ ನೋಡಿದವರಿಗೆ ಷಡ್ಜ ಅರ್ಧ ಸ್ವರಕ್ಕಿಂತ ಹೆಚ್ಚೇ ಕೆಳಗೆ ಸಿಗುತ್ತದೆ. ಗಾಳಿಯ ಕಂಪನ ಕೊಳವೆಯ ತುದಿಗೇ ನಿಲ್ಲದೆ ತುಸು ಹೊರಕ್ಕೂ ಚಾಚುತ್ತದೆ, ಇಕ್ಕಟ್ಟಾದ ಕಿಂಡಿಯ ಕಡೆ ಇನ್ನೂ ಹೆಚ್ಚು ಚಾಚುತ್ತದೆ. 12 ಮಿ.ಮೀ. ಒಳವ್ಯಾಸದ ಪೀಪಿಯಲ್ಲಿ ಈ ಎರಡೂ ಸೇರಿ ಸುಮಾರು 28 ಮಿ.ಮೀ. ಆಗುತ್ತದೆ. ಹಾಗಾಗಿ ಕಿಂಡಿಯ ಅಂಚಿನಿಂದ ಕೊಳವೆಯ ಕೊನೆಯವರೆಗೆ ನಿಜವಾಗಿ ಬೇಕಾದ ಉದ್ದ 267 ಮಿ.ಮೀ.ನ ಆಸುಪಾಸು.

ಸಾಮಾನಿಗೆ ದೂರ ಹೋಗಬೇಕಿಲ್ಲ. ಸಾದರ್ ಪತ್ರಪ್ಪ ರಸ್ತೆಯವರೆಗೆ ಹೋದರೆ ಆಯ್ಕೆ ಹೆಚ್ಚು. ಪೇಟೆಯ ಯಾವ ಪ್ಲಂಬಿಂಗ್ ಅಂಗಡಿಯಲ್ಲೂ ಸಿಗುವುದು ಅರ್ಧ ಇಂಚಿನ ಸಿಪಿವಿಸಿ ಪೈಪು. ಸ್ನಾನದ ಮನೆಗೆ ಬಿಸಿನೀರು ತರಲು ಗೋಡೆಯೊಳಗೆ ಹಾಕುವ ಕೆನೆಬಣ್ಣದ ಪೈಪೇ ಇದು. ಹೊರವ್ಯಾಸ ಸುಮಾರು 16 ಮಿ.ಮೀ., ಗೋಡೆಯ ದಪ್ಪ ಒಂದೂಮುಕ್ಕಾಲು ಮಿ.ಮೀ.ನಷ್ಟು, ಒಳವ್ಯಾಸ 12ಕ್ಕಿಂತ ತುಸು ಹೆಚ್ಚು. ಎರಡು ಮನೆಯ ಪೀಪಿಗೆ ಹೇಳಿ ಮಾಡಿಸಿದ ಅಳತೆ. ಜೊತೆಗೆ ಅದೇ ಅಳತೆಯ ಒಂದು ಕಪ್ಲಿಂಗ್, ಅಂದರೆ ಎರಡು ಪೈಪುಗಳನ್ನು ಕೂಡಿಸುವ ಗಿಡ್ಡ ತುಂಡು, ಕೊಳ್ಳಬೇಕು.

ಬಾಯಿಗಿಡುವ ವಸ್ತುವಾದ್ದರಿಂದ ಪೈಪಿನ ವಿಷಯದಲ್ಲಿ ಎಚ್ಚರ ಬೇಕು. ಪಿವಿಸಿ ಪೈಪು ತಯಾರಿಸುವಾಗ ಪ್ಲಾಸ್ಟಿಕ್ ಕೆಡದಿರಲೆಂದು ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿ ನಮ್ಮ ದೇಶದಲ್ಲಿ ಬಹುಕಾಲ ಇತ್ತು. ಅದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಸರ್ಕಾರ ನಿಯಮ ತಂದದ್ದು 2021ರಲ್ಲಿ. ಮನೆ ರಿಪೇರಿಯಲ್ಲಿ ಕಿತ್ತು ಹಾಕಿದ ಹಳೆಯ ಬೂದುಬಣ್ಣದ ಪೈಪು ಪುಕ್ಕಟೆ ಸಿಕ್ಕಿತೆಂದು ಅದರಲ್ಲಿ ಮಕ್ಕಳ ಪೀಪಿ ಮಾಡುವುದು ಖಂಡಿತ ಬೇಡ. ಕುಡಿಯುವ ನೀರಿಗೆ ಯೋಗ್ಯವೆಂದು ಗುರುತು ಇರುವ ಹೊಸ ಪೈಪನ್ನೇ ಕೊಳ್ಳಬೇಕು. ಬಿದಿರಿನ ಕೊಳಲಿಗೆ ಕಾಯಿಸಿದ ಸಲಾಕೆಯಿಂದ ತೂತು ಹಾಕುವಂತೆ ಇದಕ್ಕೆ ಹಾಕಲೂಬಾರದು. ಈ ಜಾತಿಯ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು ಮೂಗು ಗಂಟಲು ಉರಿಯುತ್ತದೆ. ಡ್ರಿಲ್ ಸಾಕು. ಉಜ್ಜುವಾಗ ಪುಡಿ ಏಳದಂತೆ ನೀರು ಚಿಮುಕಿಸಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು.

ಉಳಿದಂತೆ ಬೇಕಾದ್ದು ಹ್ಯಾಕ್ಸಾ ಬ್ಲೇಡು, ಒಂದು ಚಪ್ಪಟೆ ಅರ, ಇಲಿಬಾಲದಂಥ ಒಂದು ಸಣ್ಣ ದುಂಡು ಅರ, ಉಪ್ಪುಕಾಗದ, ಚೂಪಾದ ಚಾಕು, ಬೂಚಿಗೆ ಬೆರಳುದ್ದದ ಗಟ್ಟಿ ಮರದ ತುಂಡು. ನೆಲ ಒರೆಸುವ ಕೋಲಿನ ಮುರಿದ ಹಿಡಿಯಾದರೂ ಆಗುತ್ತದೆ.

ಪೈಪನ್ನು ಮೊದಲು 310 ಮಿ.ಮೀ.ಗೆ ಕತ್ತರಿಸಿಕೊಳ್ಳಬೇಕು. ಬೇಕಾದ್ದಕ್ಕಿಂತ ಒಂದು ಸೆಂಟಿಮೀಟರಿಗೂ ತುಸು ಹೆಚ್ಚು ಉದ್ದ ಇದು. ಯಾಕೆಂಬುದು ಮುಂದೆ ತಿಳಿಯುತ್ತದೆ. ಊದುವ ತುದಿಯಿಂದ ಹಿಡಿದು, ಪೈಪಿನ ಗೋಡೆಯಲ್ಲಿ 8 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಸೀಳನ್ನು ತೆಗೆಯಬೇಕು. ಬ್ಲೇಡಿನಿಂದ ಉದ್ದಕ್ಕೆ ಎರಡು ಗೀಟು ಕೊಯ್ದು, ಕೊನೆಯಲ್ಲಿ ಅಡ್ಡಕ್ಕೆ ಒಂದು ಗೀಟು ಕೊಯ್ದರೆ ಪಟ್ಟಿ ಕಳಚಿ ಬರುತ್ತದೆ. ಈ ಸೀಳಿನ ಮೊದಲ 25 ಮಿ.ಮೀ. ಗಾಳಿಯ ದಾರಿ, ಉಳಿದ 5 ಮಿ.ಮೀ. ಕಿಂಡಿ. ಕಿಂಡಿಯ ಆಚೆಯ ಅಂಚನ್ನು ಮೇಲಿನಿಂದ ಇಳಿಜಾರಾಗಿ, ಸುಮಾರು ಒಂದು ಸೆಂಟಿಮೀಟರ್ ದೂರದಿಂದ ಇಳಿದು ಬರುವಂತೆ ಚಪ್ಪಟೆ ಅರದಿಂದ ಉಜ್ಜಬೇಕು. ಅಂಚು ಉಗುರಿನ ತುದಿಯಷ್ಟು ತೆಳ್ಳಗಾಗಬೇಕು. ಚಾಕುವಿನ ಬಾಯಿಯಷ್ಟು ಹರಿತವಾಗಬೇಕಿಲ್ಲ. ಗೋಡೆಯ ದಪ್ಪದಲ್ಲಿ ಈ ಅಂಚು ಮಧ್ಯಕ್ಕಿಂತ ತುಸು ಕೆಳಗೆ ನಿಂತರೆ ಗಾಳಿ ಅದರ ಮೇಲೂ ಕೆಳಗೂ ಸರಾಗವಾಗಿ ಹೊರಳುತ್ತದೆ.

ಈಗ ಕಪ್ಲಿಂಗ್. ಅದರ ಒಳಗೆ ನಡುವೆ ಒಂದು ತಡೆಯ ಏಣು ಇರುತ್ತದೆ. ದುಂಡು ಅರದಿಂದ ಅದನ್ನು ಉಜ್ಜಿ ತೆಗೆದು, ಪೈಪಿನ ತುದಿಯನ್ನೂ ಉಪ್ಪುಕಾಗದದಿಂದ ತುಸು ಸವೆಸಿದರೆ ಕಪ್ಲಿಂಗ್ ಬಿಗಿಯಾಗಿ ಜಾರಿ ಕೂರುತ್ತದೆ. ಉದ್ದ ಹೆಚ್ಚಾದರೆ 25 ಮಿ.ಮೀ.ಗೆ ಕತ್ತರಿಸಬಹುದು. ಸೀಳಿನ ಮೊದಲ ಭಾಗಕ್ಕೆ ಅದು ಚಾವಣಿಯಾಗುತ್ತದೆ. ನೆಲವಾಗುವುದು ಬೂಚು. ಮರದ ತುಂಡನ್ನು ಕೊಳವೆಯ ಒಳಗೆ ಬಿಗಿಯಾಗಿ ಕೂರುವಷ್ಟು ದುಂಡಗೆ ಕೆತ್ತಿ, 25 ಮಿ.ಮೀ. ಉದ್ದಕ್ಕೆ ಕತ್ತರಿಸಿ ಒಳಗೆ ತೂರಿಸಿದರೆ, ಚಾವಣಿಗೂ ಬೂಚಿಗೂ ನಡುವೆ ಪೈಪಿನ ಗೋಡೆಯಷ್ಟೇ ಎತ್ತರದ ಗಾಳಿದಾರಿ ಉಳಿಯುತ್ತದೆ. ಬೂಚಿನ ಒಳತುದಿಯೂ ಕಪ್ಲಿಂಗಿನ ಅಂಚೂ ಒಂದೇ ಗೆರೆಯಲ್ಲಿರಬೇಕು. ಮರ ಎಂಜಲಿನ ತೇವಕ್ಕೆ ಉಬ್ಬುತ್ತದೆ, ಅದಕ್ಕೆ ಜೇನುಮೇಣ ತಿಕ್ಕಿದರೆ ತಡೆಯುತ್ತದೆ. ಅಂಟು ಹಾಕುವ ಆತುರ ಬೇಡ.

ಊದಿ ನೋಡಿದಾಗ ಬರಿ ಉಸಿರಿನ ಸುಯ್ಯೆಂಬ ಸದ್ದು ಬಂದರೆ ಕೈಬಿಡುವಂಥದ್ದೇನಲ್ಲ. ಕಪ್ಲಿಂಗನ್ನು ಅರ್ಧ ಮಿಲಿಮೀಟರ್ ಹಿಂದೆ ಮುಂದೆ ಸರಿಸಿದರೆ ಕಿಂಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಕಿಂಡಿ ಹಿಗ್ಗಿದರೆ ಸದ್ದು ದುಂಡಗೆ, ಬಲವಾಗಿ ಬರುತ್ತದೆ, ಉಸಿರು ಹೆಚ್ಚು ಬೇಕು, ಮೇಲಿನ ಸ್ಥಾಯಿ ಏಳಲು ಮೊಂಡು ಹಿಡಿಯುತ್ತದೆ. ಕುಗ್ಗಿದರೆ ಮೇಲಿನ ಸ್ಥಾಯಿ ಸುಲಭ, ಕೆಳಗಿನದು ನಿಲ್ಲದೆ ಮೇಲಕ್ಕೆ ಹಾರುತ್ತದೆ. ಎರಡೂ ಸ್ಥಾಯಿ ಒಪ್ಪುವ ಒಂದು ಜಾಗ ಇದ್ದೇ ಇರುತ್ತದೆ. ಅರ ಬಿಟ್ಟ ಜುಂಗನ್ನು ಒಳಗಡೆ ಬೆರಳಾಡಿಸಿ ಪೂರ್ತಿ ತೆಗೆಯಬೇಕು. ಕೂದಲೆಳೆಯಷ್ಟು ಜುಂಗು ಗಾಳಿದಾರಿಯಲ್ಲಿ ಉಳಿದರೂ ಧ್ವನಿ ಒಡೆಯುತ್ತದೆ. ಕಪ್ಲಿಂಗಿನ ಜಾಗ ಖಚಿತವಾದ ಮೇಲೆ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ, ಇನ್ನು ಅದನ್ನು ಅಲುಗಿಸಬಾರದು. ಕಿಂಡಿ ಬದಲಾದರೆ ಎಲ್ಲ ಸ್ವರಗಳೂ ಬದಲಾಗುತ್ತವೆ.

ಇಲ್ಲಿಂದ ಮುಂದೆ ಶ್ರುತಿಯ ಕೆಲಸ. ಇದಕ್ಕೆ ಹಿನ್ನೆಲೆಯಾಗಿ ತಂಬೂರಿ ಮಿಡಿಯುತ್ತಿರಬೇಕು. ಕೊಳಲು ವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ರೂಪಿಸಿದ್ದು ಇದೇ ಬೆಂಗಳೂರಿನಲ್ಲಿ. ಸಂಗೀತ ಕಲಿಯುವವರ ಮನೆಗಳಲ್ಲಿ ಈಗ ಆ ಬಗೆಯ ಪೆಟ್ಟಿಗೆಯೋ ಮೊಬೈಲ್ ಆ್ಯಪೋ ಇದ್ದೇ ಇರುತ್ತದೆ. ಅದನ್ನು ಎರಡು ಮನೆಗೆ ಇಟ್ಟುಕೊಂಡು, ಇನ್ನೂ ತೂತು ಬೀಳದ ಪೀಪಿಯನ್ನು ಊದಿದರೆ ಷಡ್ಜ ಸ್ವಲ್ಪ ಕೆಳಗೆ ಕೇಳುತ್ತದೆ. ಪೈಪನ್ನು ಉದ್ದವಾಗಿ ಕತ್ತರಿಸಿದ್ದು ಇದಕ್ಕೇ. ಕೊನೆಯಿಂದ ಎರಡೆರಡು ಮಿಲಿಮೀಟರ್ ಕೊಯ್ಯುತ್ತ, ಹತ್ತಿರ ಬಂದ ಮೇಲೆ ಉಪ್ಪುಕಾಗದದ ಮೇಲೆ ತಿಕ್ಕುತ್ತ ಷಡ್ಜವನ್ನು ಮೇಲೆತ್ತಬೇಕು. ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಪೀಪಿಯ ಶ್ರುತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಈ ಒಂದು ಮಾತು ಮರೆತವರ ಪೀಪಿಗಳೇ ಕಸದ ಬುಟ್ಟಿಗೆ ಹೋಗುವುದು.

ಷಡ್ಜ ನಿಂತ ಮೇಲೆ ಆರು ತೂತುಗಳು. ಕಿಂಡಿಯ ಅಂಚಿನಿಂದ ಅಳೆದರೆ ತೂತಿನ ನಡುಬಿಂದು ಕ್ರಮವಾಗಿ 117, 138, 159, 181, 197, 223 ಮಿ.ಮೀ. ದೂರದಲ್ಲಿ ಬರುತ್ತದೆ. ಮೇಲಿನ ಮೂರು ಎಡಗೈಗೆ, ಕೆಳಗಿನ ಮೂರು ಬಲಗೈಗೆ. ಕೊನೆಗೆ ಆಗಬೇಕಾದ ವ್ಯಾಸ ಅದೇ ಕ್ರಮದಲ್ಲಿ ಸುಮಾರು 6, 7, 7, 5, 8, 7 ಮಿ.ಮೀ. ಆದರೆ ಡ್ರಿಲ್ ಮಾಡುವಾಗ ಎಲ್ಲವನ್ನೂ 4 ಮಿ.ಮೀ.ಗೆ ಕೊರೆದು ನಿಲ್ಲಿಸಬೇಕು. ಈ ಅಂಕಿಗಳು ಹೊರಡುವ ಜಾಗವಷ್ಟೇ. ಕಿಂಡಿ, ಗೋಡೆ, ಊದುವ ಬಿರುಸು ಒಬ್ಬೊಬ್ಬರದು ಒಂದೊಂದು ತರ ಇರುವುದರಿಂದ ಕೊನೆಯ ಮಾತು ಕಿವಿಯದೇ.

ನಾಲ್ಕನೇ ತೂತು ಉಳಿದವುಗಳಿಗಿಂತ ಸಣ್ಣದಾಗಿರುವುದಕ್ಕೆ ಒಂದು ಕಾರಣ ಇದೆ. ಶಂಕರಾಭರಣದ ಸ್ವರಸಾಲಿನಲ್ಲಿ ಗ ಮತ್ತು ಮ ನಡುವೆ ಅಂತರ ಅರ್ಧ ಸ್ವರದ್ದು. ಎರಡೂ ತೂತು ಒಂದೇ ಗಾತ್ರಕ್ಕಿದ್ದರೆ ಅವು ಒಂದಕ್ಕೊಂದು ತೀರ ಹತ್ತಿರ ಬಂದು ಬೆರಳುಗಳು ಒತ್ತರಿಸಿಕೊಳ್ಳುತ್ತವೆ. ಸಣ್ಣ ತೂತು ಸ್ವರವನ್ನು ಕಡಿಮೆ ಏರಿಸುತ್ತದೆ. ಹಾಗಾಗಿ ಮಧ್ಯಮದ ತೂತನ್ನು ಸಣ್ಣದು ಮಾಡಿ ಕಿಂಡಿಯ ಕಡೆಗೆ ಸರಿಸಿದರೆ ಸ್ವರವೂ ಸರಿ, ಬೆರಳಿಗೂ ಜಾಗ. ದೊಡ್ಡ ತೂತು ಕೆಳಗೆ, ಸಣ್ಣ ತೂತು ಮೇಲೆ: ಎರಡರಿಂದಲೂ ಒಂದೇ ಸ್ವರ ಬರಬಹುದು ಎಂಬ ಈ ಗುಟ್ಟು ಗೊತ್ತಾದರೆ ಸಣ್ಣ ಕೈಯ ಮಕ್ಕಳಿಗೆ ಬೇಕಾದ ಹಾಗೆ ತೂತುಗಳನ್ನು ಹೊಂದಿಸಿಕೊಳ್ಳಬಹುದು.

ತಿದ್ದುವುದು ಬುಡದಿಂದ ಮೇಲಕ್ಕೆ. ಕಡೆಯ ತೂತೊಂದನ್ನು ಬಿಟ್ಟು ಉಳಿದೈದನ್ನೂ ಮುಚ್ಚಿ ಊದಿದರೆ ರಿಷಭ. 4 ಮಿ.ಮೀ. ತೂತಿನಲ್ಲಿ ಅದು ಷಡ್ಜವನ್ನು ಬಿಟ್ಟು ಹೊರಡಲು ಮನಸ್ಸಿಲ್ಲದಂತೆ ಮಂಕಾಗಿ, ಕೆಳಗೇ ಇರುತ್ತದೆ. ದುಂಡು ಅರವನ್ನು ತೂತಿಗೆ ಹಾಕಿ ನಾಲ್ಕು ಸುತ್ತು ತಿರುಗಿಸಿ, ಜುಂಗು ಊದಿ ತೆಗೆದು, ಮತ್ತೆ ಬೆರಳಿಟ್ಟು ಊದಿ ಕೇಳಬೇಕು. ತುಸು ಮೇಲೆ ಬಂದಿರುತ್ತದೆ, ಸಾಲದು. ಮತ್ತೆ ನಾಲ್ಕು ಸುತ್ತು. ತಂಬೂರಿಯ ಜೊತೆ ಗುದ್ದಾಡುತ್ತಿದ್ದ ಸ್ವರದ ಅಲುಗಾಟ ನಿಧಾನವಾಗುತ್ತ ಬಂದು, ಒಂದು ಸುತ್ತಿನಲ್ಲಿ ತಟ್ಟನೆ ನಿಂತು ಎರಡು ನಾದವೂ ಒಂದರೊಳಗೊಂದು ಕೂರುತ್ತವೆ. ಆ ಕ್ಷಣ ಅರ ಕೆಳಗಿಡಬೇಕು. ತೂತನ್ನು ಕಿಂಡಿಯ ಕಡೆಗೆ ಉಜ್ಜಿದರೆ ಸ್ವರ ಬೇಗ ಏರುತ್ತದೆ, ಕೊನೆಯ ಕಡೆಗೆ ಉಜ್ಜಿದರೆ ನಿಧಾನವಾಗಿ ಏರುತ್ತದೆ. ಕೆಳಗಿನ ತೂತು ದೊಡ್ಡದಾದಂತೆ ಅದರ ಮೇಲಿನ ತೂತುಗಳ ಸ್ವರವೂ ಎಳೆಯಷ್ಟು ಏರುವುದರಿಂದಲೇ ಈ ಕ್ರಮ ಬುಡದಿಂದ ಶುರುವಾಗುವುದು. ಆರೂ ಮುಗಿದ ಮೇಲೆ ಇನ್ನೊಂದು ಸುತ್ತು ಬರಬೇಕು. ಹಾಡು ನುಡಿಸುವಾಗ ಎಷ್ಟು ಉಸಿರು ಬಿಡುತ್ತಾರೋ ಅಷ್ಟೇ ಉಸಿರಿನಲ್ಲಿ ಶ್ರುತಿ ನೋಡಬೇಕು. ಭಯದಿಂದ ಮೆಲ್ಲಗೆ ಊದಿ ತಿದ್ದಿದ ಪೀಪಿ, ಧೈರ್ಯವಾಗಿ ಊದಿದ ದಿನ ಮೇಲೆ ಹೋಗಿ ಕೂರುತ್ತದೆ.

ಮೊಬೈಲಿನ ಟ್ಯೂನರ್ ನಂಬಿ ಶ್ರುತಿ ಮಾಡುವವರು ಒಂದು ಸಂಗತಿ ತಿಳಿದಿರಬೇಕು. ಆ ಆ್ಯಪ್‌ಗಳು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಪಾಶ್ಚಾತ್ಯ ಕೀಬೋರ್ಡಿನ ಸ್ವರಗಳನ್ನು ತೋರಿಸುತ್ತವೆ. ಪ್ರತಿ ಭಾಗವನ್ನೂ 100 ಸೆಂಟ್ ಎಂದು ಎಣಿಸುತ್ತಾರೆ. ತಂಬೂರಿಯ ಷಡ್ಜದೊಳಗೇ ಕೇಳಿಸುವ ಅಂತರ ಗಾಂಧಾರ ಷಡ್ಜಕ್ಕೆ 5:4ರ ಪ್ರಮಾಣದಲ್ಲಿದೆ. ಅದು ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ. 5:3ರ ಧೈವತ 16 ಸೆಂಟ್ ಕೆಳಗೆ, 15:8ರ ನಿಷಾದ 12 ಸೆಂಟ್ ಕೆಳಗೆ. ಪಂಚಮದಲ್ಲಿ ವ್ಯತ್ಯಾಸ ಬರಿ 2 ಸೆಂಟ್, ಕಿವಿಗೆ ತಿಳಿಯದು. ಮುಳ್ಳು ನಟ್ಟನಡುವೆ ನಿಲ್ಲುವಂತೆ ತಿದ್ದಿದ ಗಾಂಧಾರ ತಂಬೂರಿಯ ಜೊತೆ ಚುಚ್ಚುವುದು ಇದರಿಂದಲೇ. ಸಿನಿಮಾ ಹಾಡನ್ನು ಕೀಬೋರ್ಡಿನ ಜೊತೆ ನುಡಿಸುವುದಾದರೆ ಟ್ಯೂನರ್ ಸರಿ. ತಂಬೂರಿಯ ಜೊತೆಗಾದರೆ ಗಾಂಧಾರ, ಧೈವತಗಳ ತೂತುಗಳನ್ನು ಮುಳ್ಳು ನಡುವಿಗೆ ಬರುವ ಮೊದಲೇ ಬಿಡಬೇಕು.

ಅರ ಹೆಚ್ಚಾಗಿ ಸ್ವರ ಮೇಲೆ ಹೋಗಿಬಿಟ್ಟರೆ ದಾರಿ ಇಲ್ಲದೇ ಇಲ್ಲ. ತೂತಿನ ಒಂದು ಬದಿಗೆ ಜೇನುಮೇಣ ಮೆತ್ತಿದರೆ, ಇಲ್ಲವೇ ಸೆಲ್ಲೋಟೇಪಿನ ಚೂರು ಅಂಟಿಸಿದರೆ ಸ್ವರ ಇಳಿಯುತ್ತದೆ. ಮೃದಂಗದವರು ಕಛೇರಿಗೆ ಮುಂಚೆ ಎಡಮುಖಕ್ಕೆ ರವೆ ಹಚ್ಚುವುದು ಇಂಥದೇ ಉಪಾಯ: ಸೇರಿಸಿ ಶ್ರುತಿ ಮಾಡುವುದು. ಮೃದಂಗದ ಬಲಮುಖದ ಕಪ್ಪು ಕರಣೆ ಚರ್ಮದ ಒರಟು ಸದ್ದನ್ನು ಹೇಗೆ ಸ್ವರವಾಗಿಸುತ್ತದೆಂದು ತೋರಿಸಿಕೊಟ್ಟವರು ಸಿ.ವಿ. ರಾಮನ್. ಆ ಕುರಿತ ಮೊದಲ ಬರಹ 1920ರದು, ವಿವರವಾದ ಲೇಖನ 1934ರದು. ಅಷ್ಟರಲ್ಲಿ ಅವರು ಬೆಂಗಳೂರಿಗೆ ಬಂದು ಒಂದು ವರ್ಷವಾಗಿತ್ತು. ಮಲ್ಲೇಶ್ವರದಲ್ಲಿ ಅವರ ‘ಪಂಚವಟಿ’ ಮನೆ ಇದೆ. ಪೀಪಿಯ ಮೇಣವೂ ಮೃದಂಗದ ರವೆಯೂ ನಾದವನ್ನು ಪದಾರ್ಥದಿಂದ ಅಂಕೆಯಲ್ಲಿಡುವ ಒಂದೇ ವಿದ್ಯೆಯ ಎರಡು ತುದಿಗಳು.

ಆರೂ ತೂತು ಮುಚ್ಚಿದ್ದನ್ನು ಷಡ್ಜ ಎಂದಿಟ್ಟುಕೊಂಡರೆ ಬೆರಳುಗಳನ್ನು ಒಂದೊಂದಾಗಿ ಎತ್ತುತ್ತ ಹೋದಾಗ ಶಂಕರಾಭರಣದ ಸ್ವರಗಳು ಬರುತ್ತವೆ. ಮ ಮತ್ತು ನಿ ಬಿಟ್ಟು ನುಡಿಸಿದರೆ ಮೋಹನ. ಮ ಮತ್ತು ಧ ಬಿಟ್ಟರೆ ಹಂಸಧ್ವನಿ. ಮೇಲಿನ ತೂತು ತೆರೆದು, ಅದರ ಕೆಳಗಿನ ಎರಡನ್ನು ಮಾತ್ರ ಮುಚ್ಚಿದರೆ ಕಾಕಲಿ ನಿಷಾದ ಇಳಿದು ಕೈಶಿಕಿಯಾಗುತ್ತದೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಈ ವಾದ್ಯಕ್ಕೆ ಸೊಗಸಾಗಿ ಹೊಂದುತ್ತವೆ. ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಮಾತ್ರ ಹೊಂದುವುದಿಲ್ಲ. ಅದು ಇರುವುದು ಮಾಯಾಮಾಳವಗೌಳದಲ್ಲಿ. ಅದರ ಶುದ್ಧ ರಿಷಭ, ಶುದ್ಧ ಧೈವತಗಳಿಗೆ ತೂತನ್ನು ಅರ್ಧ ಮುಚ್ಚಬೇಕು. ಹೊಸಬರ ಬೆರಳಿಗೆ ಅದು ಕಷ್ಟ. ಮಗು ಪಾಠಕ್ಕೆ ಹೋಗುತ್ತಿದ್ದು, ಪೀಪಿಯಲ್ಲಿ ಸರಳೆ ಬರುತ್ತಿಲ್ಲವೆಂದು ಅಳುತ್ತಿದ್ದರೆ ಪೀಪಿ ಕೆಟ್ಟಿದೆ ಎಂದು ತಿಳಿಯಬಾರದು.

ಷಡ್ಜದ ಜಾಗ ಬದಲಿಸಿದರೆ ಅದೇ ಆರು ತೂತು ಬೇರೆ ರಾಗ ಕೊಡುತ್ತದೆ. ಮೇಲಿನ ಮೂರು ತೂತು ಮುಚ್ಚಿದಾಗ ಬರುವ ಸ್ವರವನ್ನು ಷಡ್ಜ ಎಂದುಕೊಂಡರೆ ಕಲ್ಯಾಣಿ; ಹಿಂದೂಸ್ತಾನಿ ಬಾನ್ಸುರಿಯ ಷಡ್ಜ ಇರುವುದು ಹೀಗೆಯೇ. ಮೇಲಿನ ಎರಡು ಮುಚ್ಚಿದಾಗ ಬರುವುದನ್ನು ಷಡ್ಜ ಎಂದುಕೊಂಡರೆ ಹರಿಕಾಂಭೋಜಿ; ಕರ್ನಾಟಕ ಸಂಗೀತದ ಕೊಳಲಿನಲ್ಲಿ ಷಡ್ಜದ ಬೆರಳು ಅದು. ಆಗ ತಂಬೂರಿಯನ್ನು ಎರಡು ಮನೆಯಿಂದ ತೆಗೆದು, ಕಲ್ಯಾಣಿಗೆ ಐದು ಮನೆಗೂ ಹರಿಕಾಂಭೋಜಿಗೆ ಆರು ಮನೆಗೂ ಇಡಬೇಕು. ಪಾಠದಲ್ಲಿ ಗ್ರಹಭೇದ ಎಂದು ಕೇಳಿ ತಲೆಕೆರೆದುಕೊಂಡ ವಿದ್ಯಾರ್ಥಿಗೆ ಈ ಪೀಪಿ ಅದನ್ನು ಬೆರಳಿನಲ್ಲೇ ತೋರಿಸುತ್ತದೆ. ಮುಂದೆ ಅಡ್ಡ ಕೊಳಲು ಹಿಡಿಯುವ ಆಸೆ ಇರುವವರು ಕೊನೆಗೆ ಹೇಳಿದ ಹರಿಕಾಂಭೋಜಿಯ ಬೆರಳಿನಲ್ಲೇ ಅಭ್ಯಾಸ ಮಾಡುವುದು ಲಾಭ.

ಎರಡು ಮನೆಯ ಈ ಪೀಪಿಯ ಧ್ವನಿ ಕೀರಲು. ಅಮ್ಮನೋ ಅಕ್ಕನೋ ಐದು ಮನೆ ಶ್ರುತಿಯಲ್ಲಿ ಹಾಡುವವರಾದರೆ, ಅವರ ಜೊತೆಗೆ ತಗ್ಗಿನ ಧ್ವನಿಯ ಪೀಪಿ ಬೇಕೆಂದರೆ ಮುಕ್ಕಾಲು ಇಂಚಿನ ಪೈಪು ತೆಗೆದುಕೊಂಡು ಎಲ್ಲ ಅಳತೆಯನ್ನೂ ಒಂದೂವರೆ ಪಟ್ಟು ಮಾಡಬೇಕು. ಅಂಚಿನಿಂದ ಕೊನೆಗೆ ಉದ್ದ ಸುಮಾರು 40 ಸೆಂಟಿಮೀಟರ್. ದೊಡ್ಡವರ ಬೆರಳಿಗೆ ಅಂತರ ಎಟುಕುತ್ತದೆ, ಮಕ್ಕಳಿಗೆ ಎಟುಕುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು, ಆದ್ದರಿಂದ ಇಲ್ಲಿ ಶ್ರುತಿ ಬೇರೆಯಾಗುತ್ತದೆ ಎಂಬ ಅನುಮಾನ ಕೆಲವರಿಗೆ ಬರಬಹುದು. ಗಾಳಿಯ ಒತ್ತಡ ಕಡಿಮೆಯಾದರೆ ಶಬ್ದದ ವೇಗ ಬದಲಾಗುವುದಿಲ್ಲ. ಶಾಖ ಬದಲಾದರೆ ಆಗುತ್ತದೆ. ಜನವರಿಯ ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಗೂ ಲೆಕ್ಕದ ಪ್ರಕಾರ 58 ಸೆಂಟ್ ವ್ಯತ್ಯಾಸ, ಅಂದರೆ ಅರ್ಧ ಸ್ವರದ ಅರ್ಧಕ್ಕೂ ಹೆಚ್ಚು. ಊದುವವರ ಉಸಿರಿನ ಬಿಸಿ ಕೊಳವೆಯನ್ನು ತುಂಬುವುದರಿಂದ ನಿಜವಾಗಿ ಕಾಣುವ ವ್ಯತ್ಯಾಸ ಇದಕ್ಕಿಂತ ಕಡಿಮೆ. ಆದರೂ ಶ್ರುತಿ ನೋಡುವ ಮೊದಲು ಒಂದೆರಡು ನಿಮಿಷ ಊದಿ, ಕೊಳವೆ ಬೆಚ್ಚಗಾದ ಮೇಲೆ ಅರ ಹಿಡಿಯುವುದು ಕ್ಷೇಮ. ತಣ್ಣಗಿದ್ದಾಗ ತಿದ್ದಿದ ಪೀಪಿ ಹಾಡಿನ ನಡುವೆ ಏರುತ್ತದೆ.

ಬಳಸುತ್ತ ಹೋದಂತೆ ಬರುವ ತೊಂದರೆ ಒಂದೇ, ಗಾಳಿದಾರಿಯಲ್ಲಿ ನೀರು ಕಟ್ಟುವುದು. ಪ್ಲಾಸ್ಟಿಕ್ಕು ತೇವ ಹೀರುವುದಿಲ್ಲವಾದ್ದರಿಂದ ಹನಿಗಳು ಅಲ್ಲೇ ನಿಂತು ಧ್ವನಿ ಗೊರಗೊರ ಎನ್ನುತ್ತದೆ. ಕಿಂಡಿಗೆ ಬೆರಳು ಅಡ್ಡ ಹಿಡಿದು ಒಮ್ಮೆ ಜೋರಾಗಿ ಊದಿದರೆ ಹನಿ ಹಾರಿಹೋಗುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟನ್ನು ನೀರಿಗೆ ಬೆರೆಸಿ ಗಾಳಿದಾರಿಗೆ ಹಾಯಿಸಿ ಒಣಗಿಸಿದರೆ ನೀರು ಹನಿಗಟ್ಟದೆ ಹರಡಿಕೊಳ್ಳುತ್ತದೆ. ಒಬ್ಬರು ಊದಿದ್ದನ್ನು ಇನ್ನೊಬ್ಬರಿಗೆ ಕೊಡುವ ಮೊದಲು ಬೂಚು ತೆಗೆದು ತೊಳೆಯಬೇಕು. ಅಂಟು ಹಾಕದೆ ಬಿಟ್ಟದ್ದರ ಉಪಯೋಗ ಇಲ್ಲಿದೆ.

ಮೊದಲ ಪೀಪಿಯಲ್ಲಿ ಅಂಚು ವಾರೆಯಾಗುತ್ತದೆ, ಇಲ್ಲವೇ ಗಾಂಧಾರದ ತೂತು ಅಳತೆ ಮೀರಿ ದೊಡ್ಡದಾಗುತ್ತದೆ. ಎಸೆಯುವ ಮೊದಲು ಅದರ ಕಿಂಡಿಯ ಅಗಲ, ಉದ್ದ, ತೂತುಗಳ ದೂರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪೈಪು 3 ಮೀಟರ್ ಉದ್ದದ್ದಾದರೆ ಇನ್ನೂ ಎಂಟು ಪೀಪಿಗೆ ಆಗುವಷ್ಟು ಅದರಲ್ಲಿ ಉಳಿದಿರುತ್ತದೆ.